ಕೋಟಿನ ನಾಲ್ಕನೆಯ ಗುಂಡಿ

ಫೆಬ್ರವರಿ ೬

ಮಾನ್ಯ ಲೇಖಕಿಯವರಿಗೆ, ಅಚ್ಚುಕೂಟದ ಕರಡು ತಿದ್ದುವವನ ನಮಸ್ಕಾರಗಳು.

ಕೊನೆಯ ಅಧ್ಯಾಯ ಇನ್ನೂ ಕೈಸೇರಿಲ್ಲ. ಕೇಳುವುದಕ್ಕೆ ನನಗೇ ಸಂಕೋಚ. ಮೂವತ್ತೊಂದು ವರ್ಷದಲ್ಲಿ ಇಪ್ಪತ್ತಮೂರು ಪತ್ತೇದಾರಿ ಕಾದಂಬರಿ ಕೊಟ್ಟ ನೀವು ಒಮ್ಮೆಯೂ ಒಂದು ದಿನ ತಡಮಾಡಿದವರಲ್ಲ. ಆದರೆ ನಮ್ಮ ಯಜಮಾನರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಹೋಗುತ್ತಿದ್ದಾರೆ. ಹದಿಮೂರು ಅಧ್ಯಾಯಗಳು ಅಚ್ಚಾಗಿ, ಒಣಗಿ, ಕಟ್ಟು ಕಟ್ಟಾಗಿ ಗೋಡೆಗೆ ಒರಗಿ ಕೂತಿವೆ. ಅಚ್ಚಿನ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಿಯಾಯಿತು. ಗುಟ್ಟು ಹೊರಬೀಳಬಾರದೆಂಬ ನಿಮ್ಮ ಕಟ್ಟಪ್ಪಣೆಯಂತೆ ಕೈಬರಹವನ್ನೆಲ್ಲ ಒಲೆಗೆ ಹಾಕಿದ್ದೇವೆ.

ಇಲ್ಲಿ ಎಲ್ಲರ ತಲೆಯಲ್ಲೂ ಒಂದೇ ಹುಳ. ಗಡಿಯಾರದಂಗಡಿಯ ಯಜಮಾನನನ್ನು ಕೊಂದವರು ಯಾರು? ಮೊಳೆ ಜೋಡಿಸುವವರು ಊಟದ ಹೊತ್ತಿನಲ್ಲಿ ಪಕ್ಷ ಕಟ್ಟಿಕೊಂಡು ಜಗಳವಾಡುತ್ತಾರೆ. ಹೆಂಡತಿ ಅನ್ನುವವರಿದ್ದಾರೆ, ಹೆಂಡತಿಯ ತಮ್ಮ ಅನ್ನುವವರಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತು ಕೆಲಸ ಮಾಡುವ ಆ ರಿಪೇರಿಯವನ ಮೇಲೆ ನನ್ನ ಕಣ್ಣು. ನಿಜ ಏನೆಂದು ಗೊತ್ತಿರುವುದು ಇಬ್ಬರಿಗೇ: ಹೊಲಿಗೆ ಬಿಟ್ಟು ಹತ್ತು ವರ್ಷವಾದರೂ ಕಣ್ಣಲ್ಲೇ ಎಲ್ಲರ ಅಳತೆ ತೆಗೆಯುವ ನಿಮ್ಮ ಪತ್ತೇದಾರಿ ಕತ್ತರಿ ಅಜ್ಜಿಗೆ, ಮತ್ತು ಆಕೆಯನ್ನು ಹುಟ್ಟಿಸಿದ ನಿಮಗೆ. ದಯಮಾಡಿ ಬೇಗ ಕಳಿಸಿ.

ನಿಮ್ಮ ವಿಧೇಯ.

*

ಫೆಬ್ರವರಿ ೧೭

ಮಾಸ್ತರೇ,

ಜ್ವರ ಬಂದಿತ್ತು. ನಿಮ್ಮ ಯಜಮಾನರ ಅಪ್ಪಣೆ ಕೇಳಿ ಮಲಗಬೇಕು ಅಂತ ಹೊಳೆಯಲಿಲ್ಲ. ಅವರ ಗಂಟಲಿಗೆ ಏನಾದರೂ ಔಷಧಿ ಕೊಡಿಸಿ. ಅಕ್ಷರ ಸೊಟ್ಟಗಿದ್ದರೆ ಹಾಸಿಗೆಯಲ್ಲಿ ಕೂತು ಬರೆದದ್ದು ಅಂದುಕೊಳ್ಳಿ.

ಒಂದು ಕೆಲಸವಾಗಬೇಕು. ಅಚ್ಚಾದ ಹದಿಮೂರು ಅಧ್ಯಾಯಗಳ ಹಾಳೆಗಳನ್ನು ಕಳಿಸಿ. ಅಚ್ಚಾದದ್ದನ್ನು ನಾನು ಕಣ್ಣೆತ್ತಿಯೂ ನೋಡುವವಳಲ್ಲ, ನಿಮಗೆ ಗೊತ್ತು, ಹಾಗಂತ ಹುಬ್ಬೇರಿಸಬೇಡಿ. ಕೊನೆಯದನ್ನು ಬರೆಯುವ ಮೊದಲು ಒಮ್ಮೆ ಕಣ್ಣಾಡಿಸೋಣ ಅನಿಸಿತು, ಅಷ್ಟೇ.

ಇನ್ನೊಂದು. ಈ ಸಲ ನಿಮ್ಮ ತಪ್ಪಿನ ಪಟ್ಟಿ ಬರಲೇ ಇಲ್ಲ. ಪ್ರತಿ ಪುಸ್ತಕಕ್ಕೂ ಐದೋ ಆರೋ ತಪ್ಪು ಹೆಕ್ಕಿ, 'ಇಲ್ಲಿ ಮಂಗಳವಾರ ಅಂದಿದ್ದೀರಿ, ಅಲ್ಲಿ ಬುಧವಾರ ಅಂದಿದ್ದೀರಿ' ಅಂತ ಬರೆದು ಕಳಿಸುತ್ತಿದ್ದಿರಿ. ನಾನು ಕೆಲವಕ್ಕೆ 'ತಿದ್ದಿ' ಅಂತಲೂ ಒಂದೆರಡಕ್ಕೆ 'ಕೈ ಹಚ್ಚಬೇಡಿ' ಅಂತಲೂ ಗೀಚಿ ವಾಪಸು ಮಾಡುತ್ತಿದ್ದೆ. ಈ ಸಲ ಒಂದೂ ತಪ್ಪು ಸಿಗಲಿಲ್ಲವೇ? ನಿಜ ಹೇಳಿ.

*

ಫೆಬ್ರವರಿ ೨೨

ಮಾನ್ಯರೇ,

ಹಾಳೆಗಳನ್ನು ಪ್ರತ್ಯೇಕ ಕಟ್ಟಿನಲ್ಲಿ ಕಳಿಸಿದ್ದೇನೆ. ಜ್ವರವೆಂದು ಕೇಳಿ ಬೇಸರವಾಯಿತು. ಕಾಯಿಸಿದ ನೀರು ಕುಡಿಯಿರಿ, ಗಾಳಿಗೆ ಕೂರಬೇಡಿ.

ಪಟ್ಟಿ ಕಳಿಸದಿದ್ದುದಕ್ಕೆ ಕಾರಣ ಸರಳ. ಒಂದೂ ತಪ್ಪಿರಲಿಲ್ಲ. ವರ್ಷ ಕಳೆದಂತೆ ನಿಮ್ಮ ಕೈ ಇನ್ನೂ ಹದವಾಗುತ್ತಿದೆ. ನನ್ನ ಕೆಂಪು ಶಾಯಿ ಬಾಟಲಿಯಲ್ಲೇ ಒಣಗಿತು. ಹೀಗೇ ಆದರೆ ಯಜಮಾನರು ನನ್ನನ್ನು ಮನೆಗೆ ಕಳಿಸುತ್ತಾರೆ.

ಕೊನೆಯ ಅಧ್ಯಾಯಕ್ಕೆ ಕಾಯುತ್ತಿರುತ್ತೇನೆ.

*

ಮಾರ್ಚ್ ೬

ಮಾಸ್ತರೇ,

ನಿಮಗೆ ಸುಳ್ಳು ಹೇಳಿದೆ. ಜ್ವರವಲ್ಲ. ಜನವರಿ ಇಪ್ಪತ್ತರಂದು ಬಚ್ಚಲಿನ ಬಾಗಿಲಲ್ಲಿ ಲಕ್ವ ಹೊಡೆದು ಬಿದ್ದೆ. ತಂಗಿ ಮನೆಯಲ್ಲಿದ್ದಳು, ಬದುಕಿದೆ. ಬಲಗೈ ಜೋತುಬಿದ್ದಿದೆ, ನೀವು ಓದುತ್ತಿರುವುದೆಲ್ಲ ಎಡಗೈ ಬರಹ. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದೆ. ಮಾತು ತಿರುಗಿ ಬಂತು, ಕಾಲೂ ಸುಮಾರಾಗಿ ಬಂತು.

ಒಂದು ಮಾತ್ರ ಬರಲಿಲ್ಲ. ಗಡಿಯಾರದಂಗಡಿಯವನನ್ನು ಕೊಂದವರು ಯಾರು ಅಂತ ನನಗೆ ಗೊತ್ತಿಲ್ಲ.

ನಗಬೇಡಿ. ನಾನು ಕೊಲೆಗಾರನ ಹೆಸರನ್ನು ಎಲ್ಲೂ ಬರೆದಿಡುವವಳಲ್ಲ. ಕೊನೆಯ ಅಧ್ಯಾಯದವರೆಗೂ ಅದು ತಲೆಯಲ್ಲೇ ಇರುತ್ತಿತ್ತು, ಯಾವ ಬೀರುವಿಗೂ ಅಂಥ ಬೀಗ ಇರಲಿಲ್ಲ. ಈಗ ಬೀಗ ಇದೆ, ಒಳಗೆ ಸಾಮಾನಿಲ್ಲ. ನೀವು ಕಳಿಸಿದ ಹಾಳೆಗಳನ್ನು ಮೂರು ಸಲ ಓದಿದೆ. ಯಾರೋ ನೆರೆಮನೆಯವರು ಬರೆದ ಹಾಗಿದೆ.

ನನ್ನ ಕೆಲಸದ ಗುಟ್ಟು ಹೇಳುತ್ತೇನೆ, ಈವರೆಗೆ ಯಾರಿಗೂ ಹೇಳಿದ್ದಲ್ಲ. ಪ್ರತಿ ಪುಸ್ತಕದಲ್ಲೂ ಒಂದು ವಿಷಯವನ್ನು ಬೇಕೆಂದೇ ಹೊಂದಿಕೆಯಾಗದ ಹಾಗೆ ಇಡುತ್ತೇನೆ. ಓದುವವರು ಲೇಖಕಿಯ ಮರೆವು ಅಂದುಕೊಂಡು ಮುಂದೆ ಹೋಗುತ್ತಾರೆ, ಕತ್ತರಿ ಅಜ್ಜಿ ಮಾತ್ರ ಅಲ್ಲೇ ನಿಲ್ಲುತ್ತಾಳೆ. ನಿಮ್ಮ ಪಟ್ಟಿಗೆ ನಾನು 'ಕೈ ಹಚ್ಚಬೇಡಿ' ಅಂತ ಬರೆಯುತ್ತಿದ್ದದ್ದು ಅಂಥದಕ್ಕೇ. ಆ ಒಂದು ಸಿಕ್ಕರೆ ಕೊಲೆಗಾರನೂ ಸಿಗುತ್ತಾನೆ.

ಅದು ಇಲ್ಲ. ಈ ಹದಿಮೂರು ಅಧ್ಯಾಯದಲ್ಲಿ ಎಲ್ಲವೂ ಎಲ್ಲದಕ್ಕೂ ಹೊಂದುತ್ತದೆ. ಅಜ್ಜಿ ಕೋಟುಗಳ ಗುಂಡಿ ಎಣಿಸುತ್ತಾಳೆ, ಎಣಿಕೆ ಸರಿಯಾಗಿದೆ. ಒಂಬತ್ತನೆಯದರಲ್ಲಿ ಸತ್ತವನ ಭಾವಮೈದುನ ಕೋಟಿನ ತೋಳು ಮಡಚಿಕೊಂಡಿದ್ದಾನೆ ಅಂತ ಯಾಕೆ ಬರೆದೆನೋ, ಸೆಕೆಗಿರಬೇಕು. ನೀವೂ ಒಂದೂ ತಪ್ಪಿರಲಿಲ್ಲ ಅಂದಿರಿ. ಅಂದರೆ ನಾನು ಇಡುವುದನ್ನೇ ಮರೆತೆ. ಅಂದರೆ ಬೀಳುವ ಮೊದಲೇ ನನ್ನ ತಲೆ ಹೋಗಿತ್ತು, ಹೋದ ತಲೆಯಲ್ಲಿ ಕೂತು ಹದಿಮೂರು ಅಧ್ಯಾಯ ಬರೆದೆ.

ನನಗೆ ಭಯವಾಗುತ್ತಿದೆ. ಸಾವಿಗೆ ಇಷ್ಟು ಹೆದರಿರಲಿಲ್ಲ. ಡಾಕ್ಟರನ್ನು ಕೇಳಿದೆ, 'ಹೋದದ್ದು ಎಷ್ಟು, ಉಳಿದದ್ದು ಎಷ್ಟು?' ಅಂತ. 'ನೋಡೋಣ ಅಮ್ಮ, ನಿಧಾನವಾಗಿ ಗೊತ್ತಾಗುತ್ತೆ' ಅಂದರು. ನನಗೆ ಗೊತ್ತಾಗುವುದು ಇದೊಂದರಿಂದಲೇ. ಆ ಗುರುತನ್ನು ನಾನು ಇಟ್ಟಿದ್ದೆ ಅಂತ ಗೊತ್ತಾದರೆ ಸಾಕು, ಕೈ ಹೋಗಲಿ, ಕಾಲು ಹೋಗಲಿ. ನೀವು ಮೂವತ್ತೊಂದು ವರ್ಷ ನನ್ನ ಸಾಲು ಸಾಲು ಓದಿದವರು. ಹುಡುಕಿಕೊಡಿ. ಕಾಲಿಗೆ ಬೀಳುತ್ತೇನೆ ಅನ್ನೋಣವೆಂದರೆ ಬಗ್ಗಲಿಕ್ಕೆ ಆಗುತ್ತಿಲ್ಲ.

*

ಮಾರ್ಚ್ ೧೧

ಮಾನ್ಯರೇ,

ಪತ್ರ ತಲುಪಿತು. ಧೈರ್ಯವಾಗಿರಿ. ಕೊನೆಯ ಅಧ್ಯಾಯಕ್ಕೆ ಅವಸರವಿಲ್ಲವೆಂದು ಯಜಮಾನರಿಗೆ ಹೇಳಿದ್ದೇನೆ. ನಾನೂ ಹಾಳೆಗಳನ್ನು ಮತ್ತೊಮ್ಮೆ ನೋಡುತ್ತೇನೆ. ಸದ್ಯಕ್ಕೆ ಏನೂ ತೋಚುತ್ತಿಲ್ಲ.

*

ಮಾರ್ಚ್ ೨೦

ಮಾಸ್ತರೇ,

ನಾಲ್ಕು ಸಾಲು ಬರೆದಿದ್ದೀರಿ. ಸಂತಾಪದ ಕಾರ್ಡಿನಲ್ಲೂ ಇದಕ್ಕಿಂತ ಹೆಚ್ಚಿರುತ್ತದೆ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ತಂಗಿ ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿದ್ದಾಳೆ. ಕಪಾಟು, ಕನ್ನಡಿ, ಬಿಸಿನೀರಿನ ನಲ್ಲಿ. ಮೊದಲು ಬೈದೆ, 'ನಾನೇನು ಒಂದನೇ ಕ್ಲಾಸಾ?' ಅಂತ. ನಿನ್ನೆ ಕೈಯಲ್ಲಿ ಬಾಚಣಿಗೆ ಹಿಡಿದು ಅದರ ಹೆಸರು ಹುಡುಕುತ್ತಾ ನಿಂತೆ. ತಂಗಿ ಹಿಂದಿನಿಂದ ಬಂದು ತಲೆ ಬಾಚಿದಳು. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಅತ್ತಿದ್ದಳು.

ಸುಮ್ಮನೆ ಕೂರಬೇಡಿ ಮಾಸ್ತರೇ. ಸಿಕ್ಕಲಿಲ್ಲ ಅಂತಲಾದರೂ ಬರೆಯಿರಿ. ಪೋಸ್ಟಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗುತ್ತೇನೆ. ಅವನಿಗೇ ಈಗ ನಾಚಿಕೆ ಆಗುತ್ತಿದೆ, ದೂರದಿಂದಲೇ ಕೈ ಆಡಿಸಿ ಹೋಗುತ್ತಾನೆ.

*

ಏಪ್ರಿಲ್ ೩

ಮಾಸ್ತರೇ,

ಇದರ ಜೊತೆ ಕೊನೆಯ ಅಧ್ಯಾಯ ಇಟ್ಟಿದ್ದೇನೆ. ಒಂಬತ್ತು ಪುಟ. ಎಡಗೈಯಲ್ಲಿ ಹತ್ತು ದಿನ ಹಿಡಿಯಿತು.

ರಿಪೇರಿಯವನೇ ಕೊಂದ ಅಂತ ಬರೆದಿದ್ದೇನೆ. ನಿಮ್ಮ ಮಾತೇ ಗೆದ್ದಿತು, ಖುಷಿಪಡಿ. ಕಾರಣ ಕೇಳುತ್ತೀರಾ? ಹೆಂಡತಿಗೆ ತಮ್ಮನಿದ್ದಾನೆ, ತಮ್ಮನಿಗೆ ಅಕ್ಕ ಇದ್ದಾಳೆ. ರಿಪೇರಿಯವನಿಗೆ ಯಾರೂ ಇಲ್ಲ. ಅವನನ್ನು ಹಿಡಿದುಕೊಂಡು ಹೋದರೆ ಯಾಕೆ ಅಂತ ಕೇಳುವವರಿಲ್ಲ. ಕತ್ತರಿ ಅಜ್ಜಿ ಇಪ್ಪತ್ತಮೂರು ಪುಸ್ತಕದಲ್ಲಿ ಒಮ್ಮೆಯೂ ಇಂಥ ಹೇಸಿಗೆ ಕೆಲಸ ಮಾಡಿರಲಿಲ್ಲ. ಇಪ್ಪತ್ತನಾಲ್ಕನೆಯದರಲ್ಲಿ ಮಾಡಿಸಿದೆ.

ಅಚ್ಚು ಹಾಕಿ ಮುಗಿಸಿ. ನನಗೆ ಪ್ರತಿ ಕಳಿಸಬೇಡಿ.

*

ಏಪ್ರಿಲ್ ೭

ಅಮ್ಮಾ,

ಈವರೆಗೆ ನಿಮ್ಮನ್ನು ಹಾಗೆ ಕರೆದಿರಲಿಲ್ಲ. ಇವತ್ತು ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ. ಈ ಪತ್ರವನ್ನು ಒಂದು ತಿಂಗಳ ಹಿಂದೆಯೇ ಬರೆಯಬೇಕಿತ್ತು.

ತಪ್ಪಿತ್ತು. ಒಂದಲ್ಲ, ನಲವತ್ತಮೂರು. ನಿಮ್ಮ ಕೈಬರಹದಲ್ಲಿ ಊರುಗಳು ಅದಲುಬದಲಾಗಿದ್ದವು, ಸತ್ತವನು ಒಂದು ಕಡೆ ಎದ್ದು ಚಹಾ ಕುಡಿದಿದ್ದ, ಅಕ್ಷರ ನಡುಗುತ್ತಿತ್ತು. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲೇ ಪಟ್ಟಿ ಒಂದು ಪುಟ ದಾಟಿತ್ತು. ಅಷ್ಟುದ್ದದ ಪಟ್ಟಿಯನ್ನು ನಿಮಗೆ ಹೇಗೆ ಕಳಿಸಲಿ? ನೊಂದುಕೊಳ್ಳುತ್ತೀರಿ ಎಂದು ಎಲ್ಲವನ್ನೂ ಕೇಳದೆ ತಿದ್ದಿಬಿಟ್ಟೆ. ನೀವು ಕೇಳಿದಾಗ ಒಂದೂ ಇಲ್ಲವೆಂದೆ. ನಿಮ್ಮ ಮಾನ ಕಾಪಾಡಿದೆನೆಂದು ಒಳಗೊಳಗೇ ಬೀಗಿದ್ದೂ ಉಂಟು.

ಮಾರ್ಚ್ ಆರರ ನಿಮ್ಮ ಪತ್ರ ಓದಿದ ಕೂಡಲೇ ನನಗೆ ಗೊತ್ತಾಯಿತು. ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಆ ನಾಲ್ಕು ಸಾಲು.

ಕೈಬರಹ ಒಲೆಗೆ ಹೋಗಿದ್ದರೂ ನನ್ನ ತಿದ್ದುಪಡಿ ಪುಸ್ತಕ ಇದೆ. ಪುಟ, ಅಲ್ಲಿ ಇದ್ದದ್ದು, ನಾನು ಹಾಕಿದ್ದು, ಮೂರನ್ನೂ ಬರೆದಿಡುವುದು ನನ್ನ ಅಭ್ಯಾಸ. ನಲವತ್ತೊಂದು ನಿಜವಾಗಿಯೂ ತಪ್ಪುಗಳು. ಉಳಿದ ಎರಡನ್ನು ನೋಡಿ.

ಮದುವೆಗೆಂದು ಒಂದೇ ಬಟ್ಟೆಯಲ್ಲಿ ಅಂಗಡಿಯವನಿಗೂ ಭಾವಮೈದುನನಿಗೂ ಕೋಟು ಹೊಲಿಸಿದ್ದರು ಎಂದು ಮೊದಲ ಅಧ್ಯಾಯದಲ್ಲೇ ಬರೆದಿದ್ದೀರಿ. ಎತ್ತರದ ಯಜಮಾನನ ಕೋಟಿಗೆ ನಾಲ್ಕು ಗುಂಡಿ, ಕುಳ್ಳ ಭಾವಮೈದುನನದಕ್ಕೆ ಮೂರು. ಐದನೆಯ ಅಧ್ಯಾಯದಲ್ಲಿ ಸತ್ತವನ ಕೋಣೆಯ ಗೂಟದಲ್ಲಿ ನೇತಾಡುವ ಕೋಟಿಗೆ ನೀವು ಮೂರು ಗುಂಡಿ ಎಂದು ಬರೆದಿದ್ದಿರಿ. ನಾನು ನಾಲ್ಕು ಮಾಡಿದೆ. ಒಂಬತ್ತನೆಯದರಲ್ಲಿ ಭಾವಮೈದುನ ಪೊಲೀಸರ ಮುಂದೆ ಕೂತಾಗ ಅವನ ಮೈಮೇಲಿನ ಕೋಟಿಗೆ ನಾಲ್ಕು ಗುಂಡಿ ಎಂದಿದ್ದಿರಿ. ನಾನು ಮೂರು ಮಾಡಿದೆ.

ಅವನು ಕೊಲೆಯಾದ ದಿನ ಊರಲ್ಲೇ ಇರಲಿಲ್ಲವೆಂದು ಹೇಳಿದ್ದಾನೆ. ಆದರೆ ಕೊಂದ ಗಾಬರಿಯಲ್ಲಿ ತನ್ನ ಕೋಟನ್ನು ಗೂಟದಲ್ಲಿ ಬಿಟ್ಟು ಸತ್ತವನ ಕೋಟು ತೊಟ್ಟು ಹೋಗಿದ್ದಾನೆ. ವಾಪಸು ಕೇಳುವಂತಿಲ್ಲ, ಬಿಸಾಡಿದರೆ ಕೋಟೆಲ್ಲಿ ಎನ್ನುತ್ತಾರೆ. ಉದ್ದವಾಯಿತೆಂದು ತೋಳು ಮಡಚಿಕೊಂಡು ಓಡಾಡುತ್ತಿದ್ದಾನೆ. ಸೆಕೆಗಲ್ಲ, ಅಮ್ಮಾ.

ನೀವು ಇಟ್ಟಿದ್ದಿರಿ. ನಲವತ್ತೊಂದು ತಪ್ಪಿನ ನಡುವೆಯೂ ಅದೊಂದನ್ನು ಮರೆಯದೆ, ಇಡಬೇಕಾದ ಎರಡೂ ಕಡೆ ಇಟ್ಟಿದ್ದಿರಿ. ಅಳಿಸಿದವನು ನಾನು.

ನಿಮ್ಮ ಒಂಬತ್ತು ಪುಟಗಳನ್ನು ಮೊಳೆ ಜೋಡಿಸುವವರಿಗೆ ಕೊಟ್ಟಿಲ್ಲ, ನನ್ನ ಮೇಜಿನ ಡ್ರಾಯರಿನಲ್ಲಿವೆ. ಯಜಮಾನರು ಕೂಗಾಡುತ್ತಿದ್ದಾರೆ, ಕೂಗಾಡಲಿ. ಒಂದು ಕಾರ್ಡಿನಲ್ಲಿ 'ಹೌದು' ಎಂದಷ್ಟೇ ಬರೆದು ಹಾಕಿ, ಉಳಿದದ್ದು ನನಗಿರಲಿ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲೆ.

*

ಏಪ್ರಿಲ್ ೨೫

ಮಾಸ್ತರರಿಗೆ,

ಮತ್ತೆ ಬಿದ್ದೆನಂತೆ. ತಂಗಿ ಹೇಳಿದಳು. ನಿಮ್ಮ ವಿಳಾಸ ಅವಳೇ ಬರೆದುಕೊಟ್ಟಳು.

ರಿಪೇರಿಯವನನ್ನು ಹಿಡಿದುಕೊಂಡು ಹೋಗಿದ್ದಾರೆ. ನಾನೇ ಹೇಳಿದ್ದು. ನೋಡದೆ ಹೇಳಿದೆ. ಅವನು ಏನೂ ಮಾಡಿಲ್ಲ, ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಒಂದು ಪುಟ್ಟ ಚಕ್ರ ಕೂರಿಸುತ್ತಾ ಇದ್ದ. ಅವನಿಗೆ ಯಾರೂ ಇಲ್ಲ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಊಟ ಇಳಿಯುತ್ತಿಲ್ಲ. ತಂಗಿ 'ಅಕ್ಕಾ, ಅದು ಕಥೆ ಕಣೇ' ಅಂತಾಳೆ. ಜೈಲಿನಲ್ಲಿ ಕೂತವನಿಗೆ ಹೋಗಿ ಹೇಳಲಿ ಆ ಮಾತನ್ನು.

ನಿಮಗೆ ಅಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ ಬಿಡಿಸಿ. ಅವನನ್ನು ಬಿಡಿಸಿ. ನನಗೆ ಇನ್ನು ಹೆಚ್ಚು ದಿನ ಇಲ್ಲ. ಬೇಗ ಬಿಡಿಸಿ.

*

ಜೂನ್ ೩೦

ಅಮ್ಮಾ,

ಎರಡು ತಿಂಗಳಲ್ಲಿ ನಾನು ಬರೆದ ಐದು ಪತ್ರಗಳಿಗೂ ಉತ್ತರವಿಲ್ಲ. ನಿಮ್ಮ ತಂಗಿಯವರು ಒಂದು ಕಾರ್ಡು ಹಾಕಿದ್ದರು, 'ಅಕ್ಕ ಓದುತ್ತಾಳೆ, ಆದರೆ ಯಾರು ಬರೆದದ್ದು ಅಂತ ಕೇಳುತ್ತಾಳೆ' ಎಂದು. ಆದರೂ ಬರೆಯುತ್ತಿದ್ದೇನೆ.

ರಿಪೇರಿಯವನು ಬಿಡುಗಡೆಯಾಗಿದ್ದಾನೆ. ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿ ಮಲಗಿದ. ಅವನ ಚಿಂತೆ ಬಿಡಿ.

ಪುಸ್ತಕವನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಸಾವಿರದ ಇನ್ನೂರು ಪ್ರತಿಗಳಲ್ಲೂ ಎರಡೆರಡು ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಗುಂಡಿಗಳ ಎಣಿಕೆ ನೀವು ಬರೆದಂತೆಯೇ ಇರುವ ಹೊಸ ಹಾಳೆಗಳನ್ನು ಅಂಟಿಸಿದ್ದೇನೆ. ಆರು ಭಾನುವಾರ ಹಿಡಿಯಿತು. ಯಜಮಾನರು 'ನಿಮಗೆ ತಲೆ ಕೆಟ್ಟಿದೆಯೇನ್ರೀ, ಎರಡು ಗುಂಡಿಗೆ ಇಷ್ಟೊಂದಾ?' ಎಂದು ಬೈದರು. ಮೂರನೆಯ ಭಾನುವಾರ ಅವರೇ ಬಂದು ಅಂಗಿಯ ತೋಳು ಮಡಚಿ ಅಂಟು ಹಚ್ಚುತ್ತಾ ಕೂತರು. ನಿಮ್ಮ ಪತ್ರವನ್ನು ಅವರಿಗೆ ತೋರಿಸಿದ್ದೆ, ಅದಕ್ಕೂ ಕ್ಷಮೆ ಇರಲಿ.

ಕೊನೆಯ ಅಧ್ಯಾಯದಲ್ಲಿ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಹೆಚ್ಚೇನಿಲ್ಲ. ಪುಸ್ತಕ ನಿಮ್ಮದೇ.

*

ಜುಲೈ ೧೯

ಪುಸ್ತಕ ಅಚ್ಚು ಹಾಕಿದವರಿಗೆ,

ನನ್ನ ತಂಗಿ ನಿಮ್ಮ ಪುಸ್ತಕವೊಂದನ್ನು ಕೊಟ್ಟಳು. ಬರೆದವರು ಯಾರು ಅಂತಲೂ ಹೇಳಿದಳು, ಅದು ತಲೆಯಲ್ಲಿ ನಿಲ್ಲಲಿಲ್ಲ. ನನಗೆ ಹೆಸರುಗಳು ನಿಲ್ಲುವುದಿಲ್ಲ. ಎಡಗೈಯಲ್ಲಿ ಬರೆದದ್ದು, ತಾಳ್ಮೆಯಿಂದ ಓದಿಕೊಳ್ಳಿ.

ಕಥೆ ಒಂದು ಅಂಗಡಿಯದು. ಗಡಿಯಾರಗಳು, ಒಬ್ಬ ಸತ್ತಿದ್ದಾನೆ. ಒಬ್ಬಳು ಮುದುಕಿ ಬಂದು ಎಲ್ಲರನ್ನೂ ಅಳೆದು ನೋಡುತ್ತಾಳೆ. ಮುದುಕಿ ಅಧಿಕಪ್ರಸಂಗಿ, ಆದರೂ ನನಗೆ ಹಿಡಿಸಿದಳು. ಐದನೆಯ ಅಧ್ಯಾಯದಲ್ಲಿ ಗೂಟದ ಕೋಟಿಗೆ ಮೂರು ಗುಂಡಿ ಅಂತಿತ್ತು. ಅಯ್ಯೋ, ಬರೆದವಳು ಮರೆತಳಲ್ಲ ಅಂದುಕೊಂಡೆ. ಒಂಬತ್ತನೆಯದರಲ್ಲಿ ಭಾವಮೈದುನನ ಕೋಟಿಗೆ ನಾಲ್ಕು. ಎದ್ದು ಕೂತೆ. ತಂಗಿಯನ್ನು ಕೂಗಿ ಹೇಳಿದೆ, 'ಇವನೇ ಕಣೇ, ಕೋಟು ಬದಲಾಗಿದೆ' ಅಂತ. ಅವಳು ತರಕಾರಿ ಹೆಚ್ಚುವುದನ್ನು ಬಿಟ್ಟು ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅಳುವಂಥದ್ದು ಏನಿತ್ತೋ.

ಇನ್ನು ದೂರು. ಕೊನೆಯ ಅಧ್ಯಾಯ ಬೇರೆಯವರು ಬರೆದದ್ದು. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಿರೇನೋ, ನನಗೆ ಗೊತ್ತಾಯಿತು. ಹಿಂದಿನ ಹದಿಮೂರರಲ್ಲಿ ಜನ ಮಾತಿನ ಮಧ್ಯೆ ಬಾಯಿ ಹಾಕುತ್ತಾರೆ, ಲೋಟ ಉರುಳಿಸುತ್ತಾರೆ, ಹೇಳಲು ಬಂದದ್ದನ್ನೇ ಮರೆಯುತ್ತಾರೆ. ಕೊನೆಯದರಲ್ಲಿ ಎಲ್ಲರೂ ಮಾತು ಪೂರ್ತಿ ಮುಗಿಸುತ್ತಾರೆ, ಒಂದು ತೊಟ್ಟು ನೀರು ಕೂಡ ಚೆಲ್ಲುವುದಿಲ್ಲ. ಜೀವಮಾನವೆಲ್ಲ ಬೇರೆಯವರ ತಪ್ಪು ತೆಗೆಯುತ್ತಾ ಕೂತವರು ಬರೆದದ್ದು ಅದು. ನಿಮ್ಮಲ್ಲಿ ಅಂಥವರು ಒಬ್ಬರು ಇರಬೇಕು, ಕೇಳಿ ನೋಡಿ.

ಇನ್ನೊಂದು ಗುರುತೂ ಇದೆ. ಮುದುಕಿ ಕೊಲೆಗಾರನ ಹೆಸರು ಹೇಳುವುದು ಅಧ್ಯಾಯದ ಕೊನೆಗೆ. ಆದರೆ ಅದರ ಮೊದಲ ಸಾಲಿನಲ್ಲಿ ಜೈಲಿಗೆ ಹೋದ ರಿಪೇರಿಯವನು ಅದೇ ಪುಟದಲ್ಲೇ ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿ ಮಲಗಿಬಿಟ್ಟಿದ್ದಾನೆ. ಯಾವ ಪತ್ತೇದಾರಿ ಕಥೆಯಲ್ಲಿ ಹಾಗಿರುತ್ತದೆ? ಬರೆದವರಿಗೆ ಅಲ್ಲಿಯವರೆಗೆ ತಡೆದುಕೊಳ್ಳಲು ಆಗಿಲ್ಲ. ಅವನನ್ನು ಬೇಗ ಬಿಡಿಸಿ ಅಂತ ಯಾರೋ ಅವರ ಹತ್ತಿರ ಗೋಗರೆದಿರಬೇಕು. ಅವನು ಊಟ ಮಾಡಿದ್ದನ್ನು ಓದಿದ ಮೇಲೆ ನನಗೂ ಊಟ ಇಳಿಯಿತು. ಯಾಕೆ ಅಂತ ಗೊತ್ತಿಲ್ಲ, ಅದಕ್ಕೇ ನಿಮ್ಮವರನ್ನು ಬೈಯುವುದಿಲ್ಲ.

ಕೊನೆಗೆ ಒಂದು ಕೆಲಸ ಒಪ್ಪಿಸುತ್ತೇನೆ. ಕೊನೆಯ ಅಧ್ಯಾಯ ಬೇರೆಯವರು ಬರೆಯಬೇಕಾಯಿತು ಅಂದರೆ, ಮೊದಲಿನದನ್ನು ಬರೆದ ಹೆಂಗಸಿಗೆ ಏನೋ ಆಗಿದೆ. ಬದುಕಿದ್ದರೆ, ಎಲ್ಲೋ ಕೂತು ಆ ಗುಂಡಿಗಳನ್ನು ಇಟ್ಟೆನೋ ಇಲ್ಲವೋ ಅಂತ ಹೆದರಿಕೊಂಡಿರುತ್ತಾಳೆ, ಪಾಪ. ಆಕೆಗೆ ಒಂದು ಪತ್ರ ಹಾಕಿ. ಇಟ್ಟಿದ್ದೀರಿ, ಇನ್ನೊಬ್ಬಳು ಮುದುಕಿ ಎಣಿಸಿ ನೋಡಿದ್ದಾಳೆ ಅಂತ ತಿಳಿಸಿ.